ಟೀಚರಮ್ಮನ್ನ ಕೇಳಿ: ಕಲ್ಲು, ಲೋಹ, ಆಸಿಡ್

ಈ ತಿಂಗಳು ಬಂದ ಕಾಗದಗಳಲ್ಲಿ ಅರ್ಧಕ್ಕರ್ಧ ಆಸಿಡ್ ವಿಷಯವೇ. ದಸರಾ, ದೀಪಾವಳಿ ಅಂತ ಮನೆ ತೊಳೆಯುವ ಕಾಲ ಬಂತಲ್ಲ, ಅದಕ್ಕೇ ಇರಬೇಕು. ಹಾಗಾಗಿ ಉಳಿದ ಪ್ರಶ್ನೆಗಳನ್ನು ಮುಂದಿನ ಸಂಚಿಕೆಗೆ ಎತ್ತಿಟ್ಟಿದ್ದೇನೆ. ಹೊಸ ಓದುಗರಿಗೆ ಹೇಳಿಬಿಡುತ್ತೇನೆ, ನಾನು ಕಲಬುರಗಿಯಲ್ಲಿ 31 ವರ್ಷ ಪಿಯು ಮಕ್ಕಳಿಗೆ ಕೆಮಿಸ್ಟ್ರಿ ಕಲಿಸಿ ನಿವೃತ್ತಳಾದವಳು. ಲ್ಯಾಬಿನಲ್ಲಿ ಎಷ್ಟು ಸೀರೆಗೆ ತೂತು ಬಿದ್ದಿದೆ ಅನ್ನುವ ಲೆಕ್ಕ ಇಟ್ಟಿಲ್ಲ.

ಪ್ರಶ್ನೆ: ನಮ್ಮ ಹಳೇ ಮನೆಯ ಬಚ್ಚಲಿಗೆ ಶಹಾಬಾದ್ ಕಲ್ಲು ಹಾಸಿದೆ. ಕಲೆ ಹೋಗಲಿ ಅಂತ ಅಂಗಡಿಯಿಂದ ತಂದ ಆಸಿಡ್ ಸುರಿದೆ. ಬುರುಬುರು ನೊರೆ ಬಂತು. ಕೊಳೆ ಕಿತ್ತು ಬರ್ತಿದೆ ಅಂತ ಖುಷಿಪಟ್ಟೆ. ತೊಳೆದು ನೋಡಿದರೆ ಕಲ್ಲೇ ಬಿಳಚಿಕೊಂಡು ತರಿತರಿ ಆಗಿದೆ. ಅಡುಗೆಮನೆಯ ಗ್ರಾನೈಟ್ ಕಟ್ಟೆಯ ಮೇಲೆ ಅದೇ ಆಸಿಡ್ ಚೆಲ್ಲಿದರೂ ಏನೂ ಆಗಲಿಲ್ಲ. ಯಾಕೆ ಹೀಗೆ? (ಹುಬ್ಬಳ್ಳಿಯ ಗೃಹಿಣಿ)

ಉತ್ತರ: ನೊರೆ ಬಂದದ್ದು ಕೊಳೆಯಿಂದ ಅಲ್ಲಮ್ಮ, ಕಲ್ಲಿನಿಂದ. ನೀವು ನೆಲ ತೊಳೆಯಲಿಲ್ಲ, ನೆಲವನ್ನೇ ಒಂದು ಪದರ ಕರಗಿಸಿದಿರಿ.

ಶಹಾಬಾದ್ ಕಲ್ಲಿಗೆ ನಮ್ಮ ಕಡೆ ಪರಸಿ ಅಂತೀವಿ. ಅದು ಸುಣ್ಣದಕಲ್ಲು. ಶಹಾಬಾದ್, ವಾಡಿ, ಸೇಡಂ ಸುತ್ತಮುತ್ತ ನೆಲ ಅಗೆದರೆ ಹೋಳಿಗೆ ಜೋಡಿಸಿಟ್ಟ ಹಾಗೆ ಪದರ ಪದರವಾಗಿ ಸಿಗುತ್ತದೆ. ಆ ಭಾಗದಲ್ಲಿ ಅಷ್ಟೊಂದು ಸಿಮೆಂಟ್ ಕಾರ್ಖಾನೆ ಇರುವುದೂ ಇದೇ ಕಲ್ಲಿಗಾಗಿ. ಇದರ ಮುಖ್ಯ ವಸ್ತು ಕ್ಯಾಲ್ಸಿಯಂ ಕಾರ್ಬೊನೇಟ್. ಬಚ್ಚಲು ತೊಳೆಯುವ ಆಸಿಡ್ ಸಾಮಾನ್ಯವಾಗಿ ಹೈಡ್ರೋಕ್ಲೋರಿಕ್. ಇವೆರಡೂ ಸೇರಿದರೆ ಕ್ಯಾಲ್ಸಿಯಂ ಕ್ಲೋರೈಡ್ ಆಗಿ ನೀರಲ್ಲಿ ಕರಗಿಹೋಗುತ್ತದೆ. ಕಾರ್ಬನ್ ಡೈಆಕ್ಸೈಡ್ ಗುಳ್ಳೆಗುಳ್ಳೆಯಾಗಿ ಮೇಲೆ ಬರುತ್ತದೆ. ನೀವು ಕಂಡ ನೊರೆ ಅದೇ. 10 ಗ್ರಾಂ ಸುಣ್ಣದಕಲ್ಲು, ಅಂದರೆ ಒಂದು ಅಡಿಕೆಗಿಂತ ಚಿಕ್ಕ ಚೂರು, ಪೂರ್ತಿ ಕರಗಿದರೆ ಸುಮಾರು 2.4 ಲೀಟರ್ ಗ್ಯಾಸ್ ಬರುತ್ತದೆ. ಹಾಗಾಗಿ ಕರಗಿದ್ದು ಸ್ವಲ್ಪವೇ ಆದರೂ ಆರ್ಭಟ ಜಾಸ್ತಿ.

ಗ್ರಾನೈಟ್ ಜಾತಿಯೇ ಬೇರೆ. ಅದರಲ್ಲಿರುವುದು ಬೆಣಚುಕಲ್ಲು, ಫೆಲ್ಡ್‌ಸ್ಪಾರ್ ಮತ್ತು ಒಂದಿಷ್ಟು ಕಾಗೆಬಂಗಾರ. ಎಲ್ಲದರಲ್ಲೂ ಸಿಲಿಕಾನ್ ಮತ್ತು ಆಮ್ಲಜನಕ ಕೈ ಕೈ ಹಿಡಿದು ಗಟ್ಟಿ ಬಲೆ ಹೆಣೆದಿರುತ್ತವೆ. ಬಿಟ್ಟುಕೊಡಲು ಕಾರ್ಬೊನೇಟೇ ಇಲ್ಲದ ಮೇಲೆ ಗುಳ್ಳೆ ಎಲ್ಲಿಂದ ಬರಬೇಕು? ಬಾದಾಮಿಯ ಕೆಂಪು ಮರಳುಗಲ್ಲು, ಇಳಕಲ್ಲಿನ ಗುಲಾಬಿ ಗ್ರಾನೈಟ್, ಬೆಂಗಳೂರಿನ ಹಳೇ ಕಟ್ಟಡಗಳ ಸಾದರಹಳ್ಳಿ ಕಲ್ಲು, ಇವು ಯಾವುವೂ ಈ ಆಸಿಡ್‌ಗೆ ನೊರೆ ಕಾರುವುದಿಲ್ಲ. ಹಾಗಂತ ಗ್ರಾನೈಟ್ ಮೇಲೆ ದಿನಾ ಸುರಿಯಬೇಡಿ. ಮೇಲೆ ಹಚ್ಚಿದ ಪಾಲಿಷ್ ಕೆಡುತ್ತದೆ, ಸಂದಿಯ ಸಿಮೆಂಟ್ ಕರಗುತ್ತದೆ. ಇನ್ನು ಹೈಡ್ರೋಫ್ಲೋರಿಕ್ ಅಂತ ಒಂದು ಆಸಿಡ್ ಇದೆ, ಅದು ಗ್ರಾನೈಟನ್ನೂ ಗಾಜನ್ನೂ ತಿನ್ನುತ್ತದೆ. ಚರ್ಮದೊಳಗೆ ಇಳಿದು ಎಲುಬಿನವರೆಗೂ ಹೋಗುವ ಪೈಕಿ. ತುಕ್ಕಿನ ಕಲೆ ತೆಗೆಯುವ ಕೆಲವು ದ್ರಾವಣಗಳಲ್ಲಿ ಇರುತ್ತದೆ, ಬಾಟಲಿ ಮೇಲೆ ಬರೆದದ್ದು ಓದಿಯೇ ಕೊಳ್ಳಿ.

ಈ ನೊರೆಯನ್ನೇ ಭೂವಿಜ್ಞಾನಿಗಳು ಕೆಲಸಕ್ಕೆ ಹಚ್ಚಿದ್ದಾರೆ. ಹೊಲ ಗುಡ್ಡ ಸುತ್ತುವಾಗ ಅವರ ಚೀಲದಲ್ಲಿ ಸುತ್ತಿಗೆ ಜೊತೆಗೆ 10 ಪರ್ಸೆಂಟ್ ಹೈಡ್ರೋಕ್ಲೋರಿಕ್ ಆಸಿಡ್ ಇರುವ ಪುಟ್ಟ ಬಾಟಲಿ ಇರುತ್ತದೆ. ಕಲ್ಲು ಒಡೆದು ಒಂದು ಹನಿ ಬಿಡುವುದು. ಬುಸ್ ಅಂದರೆ ಸುಣ್ಣದಕಲ್ಲು. ಸುಮ್ನೆ ಕೂತಿದ್ದು, ಚಾಕುವಿನಿಂದ ಕೆರೆದ ಪುಡಿಗೆ ಬಿಟ್ಟಾಗ ಮಾತ್ರ ಮೆಲ್ಲಗೆ ಗುಳ್ಳೆ ಬಂದರೆ ಡೋಲೊಮೈಟ್. ಅದರಲ್ಲಿ ಕ್ಯಾಲ್ಸಿಯಂ ಜೊತೆ ಮೆಗ್ನೀಷಿಯಂ ಸೇರಿರುತ್ತದೆ, ಅದಕ್ಕೇ ಆ ಮೊಂಡುತನ.

ನಿಮಗೂ ಇದು ಉಪಯೋಗಕ್ಕೆ ಬರುತ್ತದೆ. ಕಡಪ ಕಲ್ಲೂ ಕಪ್ಪು, ಚಾಮರಾಜನಗರದ ಕಪ್ಪು ಗ್ರಾನೈಟೂ ಕಪ್ಪು. ಪಾಲಿಷ್ ಮಾಡಿಟ್ಟರೆ ಮೇಲ್ನೋಟಕ್ಕೆ ಅಕ್ಕತಂಗಿಯರು. ಆದರೆ ಕಡಪ ಸುಣ್ಣದಕಲ್ಲು. ಕಲ್ಲಿನ ಹಿಂಬದಿಯಲ್ಲಿ ಚಾಕುವಿನಿಂದ ಗೀರಿ ನೋಡಿ. ಬೆಳ್ಳಗೆ ಪುಡಿ ಎದ್ದರೆ, ಆ ಪುಡಿಗೆ ನಿಂಬೆರಸ ಬಿಟ್ಟಾಗ ಸಣ್ಣ ಗುಳ್ಳೆ ಕಂಡರೆ, ಅದು ಕಡಪ. ಗ್ರಾನೈಟ್ ರೇಟು ಕೊಡಬೇಡಿ. ಕಡಪದ ಕಟ್ಟೆ ಇದ್ದವರು ಶರಬತ್ತಿನ ಲೋಟ ಇಟ್ಟಲ್ಲೆಲ್ಲ ಮಂಕಾದ ಉಂಗುರ ಬೀಳುವುದನ್ನು ನೋಡಿರುತ್ತೀರಿ. ಅದು ಕಲೆಯಲ್ಲ, ಸವೆತ. ಒರೆಸಿದರೆ ಹೋಗುವುದಿಲ್ಲ.

ನಿಮ್ಮ ಬಚ್ಚಲಿಗೆ ಈಗ ಇರುವ ದಾರಿ ಕಲ್ಲನ್ನು ತೇಯಿಸಿ ಮತ್ತೆ ಪಾಲಿಷ್ ಮಾಡಿಸುವುದೊಂದೇ. ಇನ್ನೊಂದು ಮಾತು, ಆಸಿಡ್ ಹಾಕಿದ ಕಡೆ ಬ್ಲೀಚಿಂಗ್ ಪೌಡರ್ ಮಾತ್ರ ಉದುರಿಸಬೇಡಿ. ಕ್ಲೋರಿನ್ ಗ್ಯಾಸ್ ಏಳುತ್ತದೆ. ಕಿಟಕಿ ಮುಚ್ಚಿದ ಬಚ್ಚಲಿನಲ್ಲಿ ಅದು ಜೀವಕ್ಕೇ ಅಪಾಯ.

ಪ್ರಶ್ನೆ: ಆಸಿಡ್ ಮಳೆಯಿಂದ ತಾಜ್ ಮಹಲ್ ಹಾಳಾಗುತ್ತದೆ ಅಂತಾರೆ. ನಮ್ಮ ಗೋಳಗುಮ್ಮಟಕ್ಕೂ ಆ ಭಯ ಇದೆಯಾ? (ವಿಜಯಪುರದ ಓದುಗರು)

ಉತ್ತರ: ತಾಜ್ ಅಮೃತಶಿಲೆ. ಅದೂ ಕ್ಯಾಲ್ಸಿಯಂ ಕಾರ್ಬೊನೇಟೇ, ಪರಸಿಯ ಶ್ರೀಮಂತ ಬಂಧು ಅಂದುಕೊಳ್ಳಿ. ಗಾಳಿಯ ಗಂಧಕದ ಹೊಗೆ ನೀರಿಗೆ ಸೇರಿ ಸಲ್ಫ್ಯೂರಿಕ್ ಆಸಿಡ್ ಆದರೆ ಅಮೃತಶಿಲೆಯ ಮೈ ಜಿಪ್ಸಮ್ ಆಗಿ ಉದುರುತ್ತದೆ. ಅದಕ್ಕೇ ಸುಪ್ರೀಂ ಕೋರ್ಟ್ 1996ರ ಡಿಸೆಂಬರ್ 30ರಂದು ಆಗ್ರಾ ಸುತ್ತಲಿನ 292 ಕಾರ್ಖಾನೆಗಳಿಗೆ ಕಲ್ಲಿದ್ದಲು ಬಿಟ್ಟು ಗ್ಯಾಸಿಗೆ ಬದಲಾಗಿ, ಇಲ್ಲವೇ ಜಾಗ ಖಾಲಿ ಮಾಡಿ ಅಂದದ್ದು. ಗೋಳಗುಮ್ಮಟದ ಕಲ್ಲು ಕಪ್ಪು ಬಸಾಲ್ಟ್, ಜ್ವಾಲಾಮುಖಿಯ ಲಾವಾ ಆರಿ ಆದ ಕಲ್ಲು. ಅದು ಅಷ್ಟು ಸುಲಭಕ್ಕೆ ಜಗ್ಗುವುದಿಲ್ಲ. ಭಯ ಇರುವುದು ಗಾರೆಗೆ, ಸುಣ್ಣದ ಗಿಲಾವಿಗೆ.

ಪ್ರಶ್ನೆ: ಮೇಡಂ, ನಾನು ಹತ್ತನೇ ಕ್ಲಾಸು. ಸತುವಿಗೆ ಹೈಡ್ರೋಕ್ಲೋರಿಕ್ ಆಮ್ಲ ಹಾಕಿದರೆ ಹೈಡ್ರೋಜನ್ ಬರುತ್ತದೆ, ತಾಮ್ರಕ್ಕೆ ಹಾಕಿದರೆ ಏನೂ ಆಗುವುದಿಲ್ಲ ಅಂತ ಪಾಠದಲ್ಲಿದೆ. ಆದರೆ ಅಜ್ಜಿ ಬರೀ ಹುಣಸೆಹಣ್ಣಿನಲ್ಲಿ ತಾಮ್ರದ ಹಂಡೆ ಬೆಳಗುತ್ತಾರೆ. ಹುಣಸೆಹಣ್ಣು ಹೈಡ್ರೋಕ್ಲೋರಿಕ್‌ಗಿಂತ ಜೋರಾ? (ಶಿವಮೊಗ್ಗದ ವಿದ್ಯಾರ್ಥಿನಿ)

ಉತ್ತರ: ಬಾರವ್ವ, ಇಂಥ ಪ್ರಶ್ನೆ ಕೇಳುವವರಿಗಾಗಿಯೇ ನಾನು ಈ ಅಂಕಣ ಬರೆಯುವುದು. ನಿನ್ನ ಪುಸ್ತಕವೂ ಸರಿ, ನಿನ್ನ ಅಜ್ಜಿಯೂ ಸರಿ.

ಮೊದಲು ಪುಸ್ತಕದ ಮಾತು. ಆಸಿಡ್‌ನಲ್ಲಿ ಹೈಡ್ರೋಜನ್ ಅಯಾನುಗಳಿರುತ್ತವೆ. ಅವಕ್ಕೆ ಎಲೆಕ್ಟ್ರಾನ್ ಬೇಕು. ಮೆಗ್ನೀಷಿಯಂ, ಸತು, ಕಬ್ಬಿಣ ಇವು ಕೈ ಸಡಿಲದ ಲೋಹಗಳು, ಎಲೆಕ್ಟ್ರಾನ್ ಕೊಟ್ಟು ತಾವು ಕರಗುತ್ತವೆ. ಸಾಲ ಸಿಕ್ಕ ಹೈಡ್ರೋಜನ್ ಗ್ಯಾಸಾಗಿ ಹೊರಟುಹೋಗುತ್ತದೆ. ತಾಮ್ರ, ಬೆಳ್ಳಿ, ಚಿನ್ನ ಜಿಪುಣರು. ಹೈಡ್ರೋಜನ್ ಕೇಳಿದರೆ ಕೊಡುವುದಿಲ್ಲ. ನೀನು ಬಾಯಿಪಾಠ ಮಾಡುವ ಕ್ರಿಯಾಶೀಲತೆಯ ಸರಣಿ ಅಂದರೆ ಈ ಜಿಪುಣತನದ ಪಟ್ಟಿ, ಅಷ್ಟೇ.

ಲ್ಯಾಬಿನಲ್ಲಿ ಒಂದು ತಮಾಷೆ ನೋಡು. ತುಂಬಾ ಶುದ್ಧವಾದ ಸತು ಆಸಿಡ್‌ನಲ್ಲಿ ಸೋಮಾರಿಯ ಹಾಗೆ ಕೂತಿರುತ್ತದೆ. ಅದೇ ಪ್ರನಾಳಕ್ಕೆ ಒಂದೆರಡು ಹನಿ ಮೈಲುತುತ್ತದ (ಅಂದರೆ ಕಾಪರ್ ಸಲ್ಫೇಟ್) ನೀರು ಬಿಡು. ಸತುವಿನ ಮೈಮೇಲೆ ಕಪ್ಪು ಚುಕ್ಕೆ ಕೂರುತ್ತದೆ, ಮರುಕ್ಷಣ ಗುಳ್ಳೆ ಸರಸರ ಏಳುತ್ತದೆ. ಆ ಚುಕ್ಕೆ ತಾಮ್ರ. ಸತು ಎಲೆಕ್ಟ್ರಾನ್ ಕೊಡುತ್ತದೆ, ತಾಮ್ರದ ಮೇಲೆ ಕೂತು ಹೈಡ್ರೋಜನ್ ಅದನ್ನು ತಗೊಳ್ಳುತ್ತದೆ. ಒಂದು ಸಣ್ಣ ಬ್ಯಾಟರಿಯೇ ಆಯಿತಲ್ವಾ? ಟೀಚರ್ ಎದುರಲ್ಲೇ ಮಾಡಬೇಕು, ಹತ್ತಿರ ಬೆಂಕಿ ಇರಬಾರದು. ಆಸಿಡ್‌ಗೆ ನೀರು ಬೆರೆಸುವಾಗ ನೀರಿಗೆ ಆಸಿಡ್ ಹಾಕಬೇಕು, ಆಸಿಡ್‌ಗೆ ನೀರು ಸುರಿಯಬಾರದು.

ಈಗ ಅಜ್ಜಿಯ ಹಂಡೆ. ಹಂಡೆಯ ಮೇಲೆ ಕಪ್ಪಗೆ ಕೂತದ್ದು ತಾಮ್ರ ಅಲ್ಲ, ತಾಮ್ರದ ಆಕ್ಸೈಡ್. ಆ ತಾಮ್ರ ತನ್ನ ಎಲೆಕ್ಟ್ರಾನನ್ನು ಗಾಳಿಯ ಆಮ್ಲಜನಕಕ್ಕೆ ಆಗಲೇ ಕೊಟ್ಟಾಗಿದೆ. ಹಾಗಾಗಿ ಹುಣಸೆಯ ಟಾರ್ಟಾರಿಕ್ ಆಮ್ಲ ಏನನ್ನೂ ಕಿತ್ತುಕೊಳ್ಳಬೇಕಿಲ್ಲ. ಆಕ್ಸೈಡನ್ನು ಕರಗಿಸಿ ಲವಣ ಮಾಡುತ್ತದೆ, ನೀರು ಹುಟ್ಟುತ್ತದೆ, ಗ್ಯಾಸು ಬರುವುದಿಲ್ಲ. ಕೆಳಗಿನ ತಾಮ್ರ ಹೊಸ ಮದುಮಗಳ ಹಾಗೆ ಕೆಂಪಗೆ ಹೊಳೆಯುತ್ತದೆ. ಚಿಟಿಕೆ ಉಪ್ಪು ಸೇರಿಸಿದರೆ ಇನ್ನೂ ಬೇಗ. ನಿನ್ನ ಲ್ಯಾಬಿನ ಹೈಡ್ರೋಕ್ಲೋರಿಕ್ ಹಾಕಿದರೂ ಹಂಡೆ ಹೀಗೇ ಹೊಳೆಯುತ್ತದೆ. ಹುಣಸೆ ಜೋರಲ್ಲ, ಕೆಲಸ ಸುಲಭದ್ದು.

ಹಾಗಾದರೆ ಹಿತ್ತಾಳೆ ಪಾತ್ರೆಯಲ್ಲಿ ರಾತ್ರಿಯಿಡೀ ಮಜ್ಜಿಗೆ ಇಟ್ಟರೆ ಕಿಲುಬು ಯಾಕೆ ಬಿಡುತ್ತದೆ? ಹುಳಿ ಒಂದೇ ಇದ್ದರೆ ತಾಮ್ರ ಅಲುಗುವುದಿಲ್ಲ. ಹುಳಿ ಮತ್ತು ಗಾಳಿ ಎರಡೂ ಸೇರಿದರೆ ಮೆಲ್ಲಗೆ ಸೋಲುತ್ತದೆ. ಗಾಳಿ ಆಕ್ಸೈಡ್ ಮಾಡುತ್ತಾ ಹೋಗುತ್ತದೆ, ಹುಳಿ ಕರಗಿಸುತ್ತಾ ಹೋಗುತ್ತದೆ. ಅದಕ್ಕೇ ಒಳಗೆ ಕಲಾಯಿ ಹಾಕಿಸುತ್ತಿದ್ದರು. ಕಲಾಯಿಯವನು ಪಾತ್ರೆ ಕಾಯಿಸಿ ಬಿಳಿ ಪುಡಿ ಉದುರಿಸುತ್ತಾನಲ್ಲ, ಗಂಟಲು ಕೆರೆಯುವ ಬಿಳಿ ಹೊಗೆ ಏಳುತ್ತದಲ್ಲ, ಅದು ನವಸಾಗರ, ಅಂದರೆ ಅಮೋನಿಯಂ ಕ್ಲೋರೈಡ್. ಬಿಸಿಗೆ ಅದು ಒಡೆದು ಅಮೋನಿಯಾ ಮತ್ತು ಹೈಡ್ರೋಕ್ಲೋರಿಕ್ ಆಗುತ್ತದೆ. ಆ ಆಸಿಡ್ ಪಾತ್ರೆಯ ಮೈಯ ಆಕ್ಸೈಡನ್ನು ತಿಂದು ಹಾಕುತ್ತದೆ. ಚೊಕ್ಕವಾದ ಲೋಹಕ್ಕೆ ತವರ ಬೆಣ್ಣೆಯ ಹಾಗೆ ಹತ್ತಿಕೊಳ್ಳುತ್ತದೆ. ನಮ್ಮ ಓಣಿಗೆ ಬರುತ್ತಿದ್ದ ಕಲಾಯಿ ಅಜ್ಜ ಅರಿವೆಯ ಉಂಡೆಯಿಂದ ಒಂದೇ ಸುತ್ತಿನಲ್ಲಿ ಪಾತ್ರೆಯ ಒಳಮೈಯನ್ನು ಬೆಳ್ಳಿ ಮಾಡುತ್ತಿದ್ದ. ಆ ಕೈಚಳಕ ನನ್ನ ಲ್ಯಾಬಿನಲ್ಲಿ ಯಾವ ಬ್ಯಾಚಿಗೂ ಬರಲಿಲ್ಲ.

ಇನ್ನೊಂದು ಹೇಳಿ ಬಿಡುತ್ತೇನೆ. ತಾಮ್ರಕ್ಕೆ ನೈಟ್ರಿಕ್ ಆಮ್ಲ ಹಾಕಿದರೆ ಗಾಳಿಯ ಸಹಾಯವೂ ಬೇಡ. ಅಲ್ಲಿ ಎಲೆಕ್ಟ್ರಾನ್ ಕಿತ್ತುಕೊಳ್ಳುವುದು ಹೈಡ್ರೋಜನ್ ಅಲ್ಲ, ನೈಟ್ರೇಟ್. ಕಂದು ಹೊಗೆ ಎದ್ದು ದ್ರಾವಣ ಹಸಿರು, ನೀಲಿ ಆಗುತ್ತದೆ. ಚೆಂದ ಕಾಣುತ್ತದೆ, ಆದರೆ ಆ ಹೊಗೆ ಶ್ವಾಸಕೋಶಕ್ಕೆ ಕೆಟ್ಟದ್ದು. ದೂರದಿಂದ ನೋಡು.

ಪ್ರಶ್ನೆ: ಅಲ್ಯೂಮಿನಿಯಂ ಪಾತ್ರೆ ಹುಳಿಸಾರಿಗೇ ಬಣ್ಣಗೆಡುತ್ತದೆ. ಆದರೆ ಕಾರ್ಖಾನೆಯಲ್ಲಿ ಕೆಲಸ ಮಾಡುವ ನಮ್ಮ ಭಾವ, ಗಟ್ಟಿ ನೈಟ್ರಿಕ್ ಆಸಿಡನ್ನು ಅಲ್ಯೂಮಿನಿಯಂ ಟ್ಯಾಂಕಿನಲ್ಲೇ ತುಂಬುತ್ತಾರೆ ಅಂತಾನೆ. ಬುರುಡೆ ತಾನೇ? (ತುಮಕೂರು)

ಉತ್ತರ: ನಿಮ್ಮ ಭಾವ ಹೇಳಿದ್ದು ನಿಜ. ಗಟ್ಟಿ ನೈಟ್ರಿಕ್ ಆಸಿಡ್ ತಾಗಿದ ಕೂಡಲೇ ಅಲ್ಯೂಮಿನಿಯಂ ಮೇಲೆ ಆಕ್ಸೈಡಿನ ತೆಳ್ಳನೆ ಪೊರೆ ಇನ್ನೂ ಬಿಗಿಯಾಗುತ್ತದೆ. ಆಮೇಲೆ ಆಸಿಡ್‌ಗೆ ಲೋಹವೇ ಸಿಗುವುದಿಲ್ಲ. ಸೀಸಕ್ಕೆ ಸಲ್ಫ್ಯೂರಿಕ್ ಹಾಕಿದರೂ ಅದೇ ಕತೆ, ನಿಮ್ಮ ಇನ್ವರ್ಟರ್ ಬ್ಯಾಟರಿಯೊಳಗೆ ಸೀಸದ ಪ್ಲೇಟು ಆಸಿಡ್‌ನಲ್ಲಿ ಮುಳುಗಿದ್ದೂ ಕರಗಿಹೋಗದೆ ಉಳಿದಿರುವುದು ಹಾಗೆ. ಸುಣ್ಣದಕಲ್ಲಿಗೆ ಸಲ್ಫ್ಯೂರಿಕ್ ಹಾಕಿ ನೋಡಿದರೆ ಮೊದಲು ಬುಸ್ ಅಂದು ಆಮೇಲೆ ತಣ್ಣಗಾಗುತ್ತದೆ, ಜಿಪ್ಸಮ್ ಪೊರೆ ಅಡ್ಡ ಬಂದಿರುತ್ತದೆ. ಆಸಿಡ್ ಎಷ್ಟು ಖಾರ ಅಂತ ಎಲ್ಲರೂ ಕೇಳುತ್ತಾರೆ. ಅದರ ಎದುರಿಗೆ ಏನಿದೆ, ಅದರ ಮೈಮೇಲೆ ಏನು ಹೊದಿಕೆ ಇದೆ ಅಂತ ಕೇಳಿದರೆ ಅರ್ಧ ಕೆಮಿಸ್ಟ್ರಿ ಕಲಿತ ಹಾಗೆ. ಸಾರಿನ ಪಾತ್ರೆಗೆ ಮಾತ್ರ ಸ್ಟೀಲೇ ಇರಲಿ.

ಪ್ರಶ್ನೆ: ಬಂಗಾರದ ಅಂಗಡಿಯಲ್ಲಿ ಒರೆಗಲ್ಲಿಗೆ ಉಜ್ಜಿ ಆಸಿಡ್ ಹಾಕುತ್ತಾರೆ. ಚಿನ್ನ ಯಾವ ಆಸಿಡ್‌ಗೂ ಕರಗುವುದಿಲ್ಲವಾ? (ದಾವಣಗೆರೆ)

ಉತ್ತರ: ಒಂಟಿ ಆಸಿಡ್‌ಗೆ ಸಾಮಾನ್ಯವಾಗಿ ಇಲ್ಲ. ಒರೆಗಲ್ಲು ಸಿಲಿಕಾ ತುಂಬಿದ ಕರಿಕಲ್ಲು, ಅದಕ್ಕೇ ಆಸಿಡ್ ಬಿದ್ದರೂ ಕಲ್ಲು ಹಾಗೇ ಇರುತ್ತದೆ. ಪರಸಿ ಚೂರಿನ ಮೇಲೆ ಒರೆ ಹಚ್ಚಿದ್ದರೆ ಗೀರೂ ಇಲ್ಲ, ಕಲ್ಲೂ ಇಲ್ಲ! ಗೀರಿನ ಮೇಲೆ ನೈಟ್ರಿಕ್ ಬಿಟ್ಟಾಗ ತಾಮ್ರ, ಬೆಳ್ಳಿ ಕರಗುತ್ತವೆ, ಚಿನ್ನ ಉಳಿಯುತ್ತದೆ. ಹಿತ್ತಾಳೆ ಆಗಿದ್ದರೆ ಗೀರು ಅಲ್ಲೇ ಅಳಿಸಿಹೋಗುತ್ತದೆ. 916 ಚಿನ್ನದಲ್ಲಿ ನೂರಕ್ಕೆ 91.6 ಪಾಲು ಚಿನ್ನ ಇರುವುದರಿಂದ ಗೀರು ಗಟ್ಟಿಯಾಗಿ ನಿಲ್ಲುತ್ತದೆ. ಈಗ ದೊಡ್ಡ ಅಂಗಡಿಗಳಲ್ಲಿ ಎಕ್ಸ್‌ರೇ ಮಷೀನು ಬಂದಿದೆ, ಗೀರುವ ಗೋಜೇ ಇಲ್ಲ.

ಆದರೆ ಮೂರು ಪಾಲು ಹೈಡ್ರೋಕ್ಲೋರಿಕ್, ಒಂದು ಪಾಲು ನೈಟ್ರಿಕ್ ಬೆರೆಸಿದರೆ ಚಿನ್ನವೂ ಕರಗುತ್ತದೆ. ಅದಕ್ಕೆ ರಾಜದ್ರವ ಅಂತ ಹೆಸರು. ನೈಟ್ರಿಕ್ ಚಿನ್ನದ ಒಂದೆರಡು ಪರಮಾಣು ಎಬ್ಬಿಸುತ್ತದೆ, ಎದ್ದದ್ದು ಮತ್ತೆ ಕೂರದ ಹಾಗೆ ಕ್ಲೋರೈಡ್ ಸುತ್ತುವರಿಯುತ್ತದೆ. ಇಬ್ಬರೂ ಸೇರಿದರೆ ಮಾತ್ರ ಆಗುವ ಕೆಲಸ.

ಇದರ ಬಗ್ಗೆ ನಾನು ಪ್ರತಿ ಬ್ಯಾಚಿಗೂ ಹೇಳುತ್ತಿದ್ದ ಕತೆ ಒಂದಿದೆ, ನಿಜವಾದದ್ದು. ಮ್ಯಾಕ್ಸ್ ಫಾನ್ ಲೌವ ಮತ್ತು ಜೇಮ್ಸ್ ಫ್ರಾಂಕ್ ಅನ್ನುವ ಇಬ್ಬರು ಜರ್ಮನ್ ವಿಜ್ಞಾನಿಗಳು ತಮ್ಮ ನೊಬೆಲ್ ಪದಕಗಳನ್ನು ಕೋಪನ್‌ಹೇಗನ್‌ನಲ್ಲಿ ನೀಲ್ಸ್ ಬೋರ್ ಅವರ ಸಂಸ್ಥೆಯಲ್ಲಿ ಇರಿಸಿದ್ದರು. ನಾಜಿ ಜರ್ಮನಿಯಿಂದ ಚಿನ್ನ ಹೊರಗೆ ಕಳಿಸುವುದು ದೊಡ್ಡ ಅಪರಾಧ. ಪದಕದ ಮೇಲೆ ಹೆಸರು ಬೇರೆ ಕೆತ್ತಿದೆ. 1940ರ ಏಪ್ರಿಲ್‌ನಲ್ಲಿ ಜರ್ಮನ್ ಸೈನ್ಯ ಊರಿಗೆ ಬಂದೇ ಬಿಟ್ಟಿತು. ಹೂತಿಡೋಣ ಅಂದರು ಅದೇ ಸಂಸ್ಥೆಯಲ್ಲಿದ್ದ ಕೆಮಿಸ್ಟ್ ಜಾರ್ಜ್ ಡಿ ಹೆವೆಸಿ. ಅಗೆದರೆ ಸಿಕ್ಕಿಬಿಡುತ್ತದೆ ಅಂದರು ಬೋರ್. ಕೊನೆಗೆ ಹೆವೆಸಿ ಎರಡನ್ನೂ ರಾಜದ್ರವದಲ್ಲಿ ಕರಗಿಸುತ್ತಾ ಕೂತರು. ಚಿನ್ನ ಕರಗುವುದು ಬಲು ನಿಧಾನ, ಹೊರಗೆ ಬೂಟಿನ ಸಪ್ಪಳ. ಆ ಕಿತ್ತಳೆ ಬಣ್ಣದ ನೀರಿನ ಪಾತ್ರೆ ಶೆಲ್ಫಿನ ಮೇಲೆ ಉಳಿದ ಬಾಟಲಿಗಳ ನಡುವೆ ಯುದ್ಧ ಮುಗಿಯುವವರೆಗೂ ಕೂತಿತ್ತು. ಯಾರೂ ಮುಟ್ಟಲಿಲ್ಲ. ಆಮೇಲೆ ಅದರಿಂದ ಚಿನ್ನ ತೆಗೆದು ಕಳಿಸಿದರು, ನೊಬೆಲ್ ಪ್ರತಿಷ್ಠಾನ ಮತ್ತೆ ಪದಕ ಮಾಡಿಸಿಕೊಟ್ಟಿತು. ಈ ಕತೆ ಹೇಳುವಾಗ ಹಿಂದಿನ ಬೆಂಚಿನವರೂ ತಲೆ ಎತ್ತುತ್ತಿದ್ದರು.

ಪ್ರಶ್ನೆ: ಮದುವೆಗೆ ಉಡುಗೊರೆ ಬಂದ ಬಿದರಿ ಹೂದಾನಿ ಮಂಕಾಗಿದೆ. ಬೆಳ್ಳಿ ಕುಸುರಿ ಹೊಳೆಯಲು ಹುಣಸೆಹಣ್ಣು ಹಚ್ಚಲಾ? (ಮೈಸೂರು)

ಉತ್ತರ: ಬೇಡ, ಬೇಡ, ಬೇಡ. ಮೂರು ಸಲ ಯಾಕೆ ಅಂದೆ ಅಂದರೆ, ನಾನೇ ಅದನ್ನು ಮಾಡಿ ಕೆಟ್ಟವಳು.

ನಮ್ಮತ್ತೆಯವರ ಬಿದರಿ ಎಲೆಡಬ್ಬಿ ಒಂದಿತ್ತು. ಮುಚ್ಚಳದ ಮೇಲೆ ಬೆಳ್ಳಿ ತಂತಿಯ ಹೂಬಳ್ಳಿ. ಒಂದು ಯುಗಾದಿಗೆ ಹಿತ್ತಾಳೆ ಸಾಮಾನು ಬೆಳಗುವ ಭರದಲ್ಲಿ ಅದಕ್ಕೂ ಹುಣಸೆಹಣ್ಣು ಹಚ್ಚಿಬಿಟ್ಟೆ. ಐದು ನಿಮಿಷ ಬಿಟ್ಟು ನೀರು ಹಾಕಿದೆ. ಕಾಡಿಗೆಯಂಥ ಕಪ್ಪು ಹೋಗಿ ಬೂದಿ ಬಣ್ಣದ ತಗಡು ಕೈಯಲ್ಲಿತ್ತು. ಬೂದಿಯ ಮೇಲೆ ಬೆಳ್ಳಿ ಹೂ ಕಾಣಿಸುವುದೇ ಇಲ್ಲ. ಕೆಮಿಸ್ಟ್ರಿ ಲೆಕ್ಚರರ್ ಅಂತೆ! ಅತ್ತೆ ಏನೂ ಅನ್ನಲಿಲ್ಲ, ಅದೇ ಜಾಸ್ತಿ ಚುಚ್ಚಿತು.

ಬಿದರಿ ಅಂದರೆ ಬಹುಪಾಲು ಸತು. ಹದಿನಾರು ಪಾಲು ಸತುವಿಗೆ ಒಂದು ಪಾಲು ತಾಮ್ರ ಅನ್ನುವುದು ರೂಢಿಯ ಲೆಕ್ಕ. ಸತು ಹುಳಿಗೆ ಎಷ್ಟು ಸಲೀಸಾಗಿ ಕರಗುತ್ತದೆ ಅಂತ ಮೇಲೆ ಶಿವಮೊಗ್ಗದ ಹುಡುಗಿಗೆ ಹೇಳಿದೆನಲ್ಲ. ಆ ಕಪ್ಪು ಕೊಳೆಯಲ್ಲ, ಬಣ್ಣವೂ ಅಲ್ಲ. ಲೋಹದ ಮೇಲೆ ಬರಿಸಿದ ತೆಳ್ಳನೆ ಪೊರೆ. ಹುಳಿ ಮೊದಲು ತಿನ್ನುವುದು ಅದನ್ನೇ.

ಡಬ್ಬಿ ಹಿಡಿದುಕೊಂಡು ಬೀದರಿಗೆ ಹೋದೆ. ಕುಶಲಕರ್ಮಿಯೊಬ್ಬರು ಅದನ್ನು ಅತ್ತಿತ್ತ ತಿರುಗಿಸಿ ನೋಡಿ ನಕ್ಕರು. ಉಜ್ಜುಕಾಗದದಿಂದ ಮೈಯೆಲ್ಲ ತಿಕ್ಕಿದರು. ಬೀದರ್ ಕೋಟೆಯ ಹಳೇ ಭಾಗದ ಮಣ್ಣು ಒಂದು ಬಟ್ಟಲಲ್ಲಿತ್ತು. ಅದಕ್ಕೆ ನವಸಾಗರ, ನೀರು ಸೇರಿಸಿ ಕಲಸಿದರು. ಡಬ್ಬಿಯನ್ನು ಕೈಗೆ ಚುರುಕ್ ಅನ್ನುವಷ್ಟು ಬಿಸಿ ಮಾಡಿ ಆ ಕೆಸರು ಹಚ್ಚಿ ಉಜ್ಜಿದರು. ನೋಡನೋಡುತ್ತಾ ಬೂದಿ ಬಣ್ಣ ಕಂದಾಯಿತು, ಆಮೇಲೆ ಕರ್ರಗಾಯಿತು. ಬೆಳ್ಳಿ ಮಾತ್ರ ಬೆಳ್ಳಗೇ ಉಳಿಯಿತು. ಮೇಲೆ ಒಂದಿಷ್ಟು ಎಣ್ಣೆ ಸವರಿ ಕೊಟ್ಟರು.

ಅಲ್ಲಿ ಆಗಿದ್ದು ಇಷ್ಟು. ನವಸಾಗರ ಮತ್ತು ಮಣ್ಣಿನ ಉಪ್ಪುಗಳು ಮೇಲ್ಮೈಯ ಸತುವನ್ನು ಸವೆಸುತ್ತವೆ. ಉಳಿದ ತಾಮ್ರದ ಪಾಲು ಮೇಲೆ ಹೆಚ್ಚಾಗಿ ಕಪ್ಪಾಗುತ್ತದೆ. ಬೆಳ್ಳಿ ಜಿಪುಣ, ಅದಕ್ಕೆ ಇದು ಯಾವುದೂ ತಾಗುವುದಿಲ್ಲ. ಕೆತ್ತನೆಗೆ ಮೊದಲೂ ಅವರು ಮೈಲುತುತ್ತ ಹಚ್ಚಿ ಲೋಹವನ್ನು ಒಮ್ಮೆ ಕಪ್ಪು ಮಾಡುತ್ತಾರೆ, ಗೀಚಿದ ಗೆರೆ ಬೆಳ್ಳಗೆ ಎದ್ದು ಕಾಣಲಿ ಅಂತ. ಸತು ತಾಮ್ರವನ್ನು ದ್ರಾವಣದಿಂದ ಹೊರಗೆ ಹಾಕುವ ಅದೇ ಕ್ರಿಯೆ. ಹತ್ತನೇ ಕ್ಲಾಸಿನ ಪಾಠವನ್ನು ಈ ಮನೆತನಗಳು ನೂರಾರು ವರ್ಷಗಳಿಂದ ಕೈಯಲ್ಲೇ ಇಟ್ಟುಕೊಂಡಿವೆ.

ನಿಮ್ಮ ಹೂದಾನಿಗೆ ಮೆತ್ತನೆ ಬಟ್ಟೆಯಲ್ಲಿ ಎರಡು ಹನಿ ಕೊಬ್ಬರಿ ಎಣ್ಣೆ ಸಾಕು. ಒಳಗೆ ನೀರು ಹಾಕಿ ಹೂವು ಇಡಬೇಡಿ.

ಪ್ರಶ್ನೆ: ಅಜ್ಜಿಯ ಎಲೆಸುಣ್ಣಕ್ಕೆ ನಿಂಬೆರಸ ಹಾಕಿದೆ, ನೊರೆ ಬರಲಿಲ್ಲ. ಹಳೇ ಗೋಡೆಯಿಂದ ಕೆರೆದ ಸುಣ್ಣಕ್ಕೆ ಹಾಕಿದೆ, ಗುಳ್ಳೆ ಬಂತು. ಎರಡೂ ಸುಣ್ಣವೇ ಅಲ್ವಾ? (ಶಿರಸಿಯ ಏಳನೇ ಕ್ಲಾಸಿನ ಹುಡುಗ)

ಉತ್ತರ: ಭೇಷ್! ಡಬ್ಬಿಯದು ಅರಳಿದ ಸುಣ್ಣ. ಕಲ್ಲನ್ನೋ ಚಿಪ್ಪನ್ನೋ ಸುಟ್ಟು, ಅದರ ಕಾರ್ಬನ್ ಡೈಆಕ್ಸೈಡ್ ಓಡಿಸಿ, ನೀರು ಹಾಕಿ ಅರಳಿಸಿದ್ದು. ಹುಳಿ ತಾಗಿದರೆ ಸುಮ್ನೆ ಸಪ್ಪೆಯಾಗುತ್ತದೆ, ಹೊರಗೆ ಬರಲು ಗ್ಯಾಸೇ ಇಲ್ಲ. ಗೋಡೆಯ ಸುಣ್ಣ ಇಷ್ಟು ವರ್ಷ ಗಾಳಿಯಿಂದ ಆ ಗ್ಯಾಸನ್ನು ವಾಪಸ್ ಎಳೆದುಕೊಂಡು ಮತ್ತೆ ಕ್ಯಾಲ್ಸಿಯಂ ಕಾರ್ಬೊನೇಟ್ ಆಗಿದೆ. ನೀನು ಕಂಡ ಗುಳ್ಳೆ ಅದೇ. ಈಗ ಹೀಗೆ ಮಾಡು: ಅಜ್ಜಿಯನ್ನು ಕೇಳಿ ಒಂದು ಚೂರು ಸುಣ್ಣ ತಗೊಂಡು ಹಳೇ ತಟ್ಟೆಗೆ ತೆಳ್ಳಗೆ ಸವರಿ ಒಂದು ತಿಂಗಳು ಬಯಲಲ್ಲಿ ಬಿಡು. ಬರಿಗೈಯಲ್ಲಿ ಮುಟ್ಟಬೇಡ, ಕಣ್ಣಿಗೆ ತಾಗಿಸಬೇಡ. ಆಮೇಲೆ ನಿಂಬೆರಸ ಹಾಕಿ, ಏನಾಯಿತು ಅಂತ ನನಗೆ ಕಾಗದ ಬರಿ.